ಸರ್ಫಿಂಗ್ ನಿಜಕ್ಕೂ ಸತ್ತು ಮತ್ತೆ ಹುಟ್ಟಿತೇ?

ಪ್ರಶ್ನೆ: ಸಸಿಹಿತ್ಲುವಿನಲ್ಲಿ ಸರ್ಫಿಂಗ್ ನೋಡಿದ ಮೇಲೆ ಅದರ ಇತಿಹಾಸ ಓದಲು ಕುಳಿತೆ. ಒಬ್ಬರು ಇದು ಪೆರುವಿನ ಮೀನುಗಾರರಿಂದ ಬಂದದ್ದು ಎನ್ನುತ್ತಾರೆ, ಮತ್ತೊಬ್ಬರು ಹವಾಯಿ ಎನ್ನುತ್ತಾರೆ. ಮಿಷನರಿಗಳು ನಿಷೇಧಿಸಿದ್ದರಿಂದ ಹವಾಯಿಯಲ್ಲಿ ಸರ್ಫಿಂಗ್ ಸತ್ತೇಹೋಗಿತ್ತು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕನ್ನರು ಅದನ್ನು ಬದುಕಿಸಿದರು ಎಂಬ ಮಾತೂ ಸಿಕ್ಕಿತು. ಇವುಗಳಲ್ಲಿ ಯಾವುದು ಸರಿ? ಒಲಿಂಪಿಕ್ಸ್‌ವರೆಗೆ ಅದು ಬೆಳೆದದ್ದು ಹೇಗೆ? ಅಳಿವೆಯಲ್ಲಿ ಅಲೆಯ ಬೆನ್ನೇರಿ ದೋಣಿ ದಡ ಸೇರಿಸುವ ನಮ್ಮ ಮೀನುಗಾರರು ಮಾಡುವುದೂ ಒಂದು ಬಗೆಯ ಸರ್ಫಿಂಗೇ ಅಲ್ಲವೇ? (ಉಡುಪಿ ಜಿಲ್ಲೆಯ ಓದುಗರೊಬ್ಬರು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಮೊದಲನೆಯದಕ್ಕೆ ಬೇಕಾದ ಎಳೆ ಸಿಗುತ್ತದೆ, ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅಲೆಯ ತಳ್ಳುವ ಬಲವನ್ನು ಬಳಸಿಕೊಂಡು ದಡದತ್ತ ಜಾರಿ ಬರುವುದು ಒಂದು ಸಂಗತಿ. ಆ ಜಾರುವಿಕೆಗೆಂದೇ ಬೇರೆ ಸಾಧನ ಮಾಡಿಕೊಂಡು, ಅದಕ್ಕೆ ಹೆಸರು, ನಿಯಮ, ಸ್ಪರ್ಧೆ, ಪಣ ಎಲ್ಲವನ್ನೂ ಕಟ್ಟಿಕೊಳ್ಳುವುದು ಇನ್ನೊಂದು. ಮೊದಲನೆಯದು ಒಂದಕ್ಕಿಂತ ಹೆಚ್ಚು ಕರಾವಳಿಗಳಲ್ಲಿ, ಒಬ್ಬರಿಗೊಬ್ಬರ ಪರಿಚಯವಿಲ್ಲದೆ ಹುಟ್ಟಿದೆ. ಎರಡನೆಯದು ಪೂರ್ಣ ರೂಪದಲ್ಲಿ ಕಾಣುವುದು ಹವಾಯಿಯಲ್ಲಿ, ಮತ್ತು ಇಂದಿನ ಕ್ರೀಡೆ ಬೆಳೆದು ಬಂದದ್ದು ಅಲ್ಲಿಂದಲೇ.

ಪೆರುವಿನ ಉತ್ತರ ಕರಾವಳಿಯ ಹುವಾಂಚಾಕೊದಲ್ಲಿ ಮೀನುಗಾರರು ಇಂದಿಗೂ ಟೊಟೊರಾ ಎಂಬ ಜೊಂಡುಹುಲ್ಲನ್ನು ಕಂತೆಕಟ್ಟಿ, ಮೂತಿ ಮೇಲಕ್ಕೆ ಬಾಗಿದ ಕಿರಿದಾದ ತೆಪ್ಪ ಮಾಡುತ್ತಾರೆ. ಸ್ಪೇನಿನವರು ಅದಕ್ಕೆ ಕಬಾಯಿಟೊ, ಅಂದರೆ ಪುಟ್ಟ ಕುದುರೆ ಎಂದು ಹೆಸರಿಟ್ಟರು. ಇಂಥ ತೆಪ್ಪಗಳ ಆಕೃತಿಗಳು ಆ ಪ್ರದೇಶದ ಪ್ರಾಚೀನ ಮೋಚೆ ಜನರ ಮಡಕೆಗಳ ಮೇಲೆ ಇರುವುದರಿಂದ ಅವುಗಳ ಹಳಮೆಯ ಬಗ್ಗೆ ಸಂಶಯವಿಲ್ಲ. ಬಲೆ ಮತ್ತು ಮೀನಿನೊಡನೆ ಮರಳುವಾಗ ಮೀನುಗಾರನು ಅಲೆ ಹಿಡಿದೇ ದಡಕ್ಕೆ ಬರುತ್ತಾನೆ. ಆಫ್ರಿಕದ ಪಶ್ಚಿಮ ತೀರದ ಅಕ್ರಾದಲ್ಲಿ ಹುಡುಗರು ಹಲಗೆಗಳನ್ನು ಹಿಡಿದು ಕಡಲಿಗಿಳಿದು ಅಲೆಗಾಗಿ ಕಾದು ತೇಲಿ ಬರುತ್ತಿದ್ದುದನ್ನು 1834ರಲ್ಲಿ ಜೇಮ್ಸ್ ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಪ್ರವಾಸಿ ಕಂಡು ದಾಖಲಿಸಿದ್ದಾನೆ. ಅದು ಹವಾಯಿಯಿಂದ ಕಲಿತದ್ದಾಗಿರಲು ಸಾಧ್ಯವೇ ಇರಲಿಲ್ಲ. ಪೆರುವಿನ ವಾದವನ್ನು ಬಲವಾಗಿ ಮುಂದಿಟ್ಟವರಲ್ಲಿ ಒಬ್ಬರು 1965ರ ವಿಶ್ವ ಚಾಂಪಿಯನ್, ಪೆರುವಿನವರೇ ಆದ ಫೆಲಿಪೆ ಪೊಮಾರ್. ಆದರೆ ಆಧುನಿಕ ಸರ್ಫಿಂಗ್ ಪೆರುವಿಗೆ ಬಂದದ್ದು ಹುವಾಂಚಾಕೊದಿಂದಲ್ಲ, ಹವಾಯಿಯಿಂದ ಹಲಗೆ ತಂದ ಕಾರ್ಲೋಸ್ ಡೋನಿ ಎಂಬವರಿಂದ, ಮತ್ತು 1942ರಲ್ಲಿ ಅವರು ಲಿಮಾದಲ್ಲಿ ಕಟ್ಟಿದ ಸಂಘಕ್ಕೆ ಇಟ್ಟ ಹೆಸರು ‘ಕ್ಲಬ್ ವೈಕೀಕಿ’. ವೈಕೀಕಿ ಎಂದರೆ ಹವಾಯಿಯ ಹೊನೊಲುಲುವಿನ ಕಡಲತೀರ. ಪೆರುವಿನ ಹಕ್ಕುಸಾಧನೆಗೆ ಇದಕ್ಕಿಂತ ದೊಡ್ಡ ತೊಡಕನ್ನು ಹೊರಗಿನವರು ಒಡ್ಡಬೇಕಿಲ್ಲ.

ಹವಾಯಿ, ತಹೀತಿಗಳೂ ಸೇರಿದ ಪೆಸಿಫಿಕ್ ಸಾಗರದ ಪಾಲಿನೇಷ್ಯ ದ್ವೀಪಗಳಲ್ಲಿ ಅಲೆಯಾಟ ಎಲ್ಲೆಡೆ ಇತ್ತು. ಕ್ಯಾಪ್ಟನ್ ಕುಕ್‌ನ ಮೂರನೆಯ ಯಾನದ ವೈದ್ಯ ವಿಲಿಯಂ ಆಂಡರ್ಸನ್ 1777ರಲ್ಲಿ ತಹೀತಿಯ ಮಟವಾಯಿಯಲ್ಲಿ ಒಬ್ಬ ವ್ಯಕ್ತಿ ಪುಟ್ಟ ದೋಣಿಯೊಂದರಲ್ಲಿ ಮತ್ತೆ ಮತ್ತೆ ಹೊರಹೋಗಿ ಅಲೆಯೊಡನೆ ಮರಳುವುದನ್ನು ಗಮನಿಸಿ, ಕಡಲು ಹೀಗೆ ವೇಗವಾಗಿಯೂ ಮೃದುವಾಗಿಯೂ ತಳ್ಳಿಕೊಂಡು ಹೋಗುವಾಗ ಅವನಿಗೆ ಸಿಗುತ್ತಿದ್ದ ಸುಖ ಪರಮವಾದದ್ದೆಂದು ತನಗೆ ಅನ್ನಿಸಿದ್ದನ್ನು ಬರೆದ. (ಈ ಸಾಲುಗಳು ಯಾನದ ಅಧಿಕೃತ ವೃತ್ತಾಂತದಲ್ಲಿ ಸೇರಿಕೊಂಡದ್ದರಿಂದ ಬಹುಕಾಲ ಕುಕ್‌ನ ಹೆಸರಿಗೇ ಹೋಗಿದ್ದವು, ಈಗಲೂ ಹಲವೆಡೆ ಹಾಗೆಯೇ ಉಲ್ಲೇಖವಾಗುತ್ತವೆ.) ಎರಡು ವರ್ಷಗಳ ನಂತರ, 1779ರಲ್ಲಿ, ಹವಾಯಿಯ ಕೆಆಲಾಕೆಕುವಾ ಕೊಲ್ಲಿಯಲ್ಲಿ ಲೆಫ್ಟಿನೆಂಟ್ ಜೇಮ್ಸ್ ಕಿಂಗ್ ಕಂಡದ್ದು ಇದಕ್ಕಿಂತ ಭಿನ್ನವಾದ ದೃಶ್ಯ: ಗುಂಪು ಗುಂಪಾಗಿ ಜನ ಉದ್ದನೆಯ ಹಲಗೆಗಳ ಮೇಲೆ ಅಲೆಗಳನ್ನು ದಾಟಿ ಆಚೆ ಹೋಗಿ, ಅತಿ ದೊಡ್ಡ ತೆರೆಗಾಗಿ ಕಾದು, ಬಂಡೆಗಳ ನಡುವೆ ದಾರಿ ಮಾಡಿಕೊಂಡು ಮರಳುತ್ತಿದ್ದರು.

ಹವಾಯಿಯ ಭಾಷೆಯಲ್ಲಿ ಇದಕ್ಕೆ ‘ಹೇಏ ನಾಲು’, ಅಂದರೆ ಅಲೆಯ ಮೇಲೆ ಜಾರುವುದು ಎಂದು ಹೆಸರು. ಹಲಗೆಗಳಲ್ಲೂ ಬಗೆಗಳಿದ್ದವು. ಎದೆಯೂರಿ ಆಡುವ ಚಿಕ್ಕ ಪೈಪೊ, ನಿಂತು ಆಡುವ ತೆಳುವಾದ ಅಲೈಯಾ, ಮತ್ತು ಅರಸುಮನೆತನದವರ ಉದ್ದನೆಯ ಓಲೊ. ಓಲೊ ಹಲಗೆಗೆ ಬಳಸುತ್ತಿದ್ದ ವಿಲಿವಿಲಿ ಮರವು ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನೆಡುವ ಹಾಲವಾಣದ ಕುಲಕ್ಕೇ ಸೇರಿದ್ದು. ಹಾಲವಾಣದ ಕೊಂಬೆಯನ್ನು ಕೈಯಲ್ಲಿ ಹಿಡಿದವರಿಗೆ ಅದು ಎಷ್ಟು ಹಗುರವೆಂದು ಹೇಳಬೇಕಾಗಿಲ್ಲ. ಅಲೈಯಾಗಳನ್ನು ಅಕೇಶಿಯ ಕುಲದ ಕೋವಾ ಮರದಿಂದ, ಕೆಲವೊಮ್ಮೆ ಕರಾವಳಿಯವರು ಜೀಗುಜ್ಜೆ ಎನ್ನುವ ಮರದಿಂದ ಮಾಡುತ್ತಿದ್ದರು. ಮಳೆಗಾಲ ಮೊದಲಾಗುವ ಹೊತ್ತಿಗೆ ಲೋನೊ ದೇವರ ಹೆಸರಿನಲ್ಲಿ ಸುಮಾರು ನಾಲ್ಕು ತಿಂಗಳು ನಡೆಯುತ್ತಿದ್ದ ಮಕಾಹಿಕಿ ಹಬ್ಬದ ಕಾಲದಲ್ಲಿ ಯುದ್ಧಕ್ಕೂ ದುಡಿಮೆಗೂ ಬಿಡುವಿದ್ದು, ಕುಸ್ತಿ, ಓಟಗಳೊಡನೆ ಅಲೆಯಾಟದ ಪಂದ್ಯಗಳೂ ನಡೆಯುತ್ತಿದ್ದವು. ಪಂದ್ಯಕ್ಕೆ ಜನ ಹಂದಿ, ದೋಣಿ, ಬಲೆ ಮುಂತಾದ ಆಸ್ತಿಯನ್ನು ಪಣವಿಡುತ್ತಿದ್ದರು. ಹೆಂಗಸರು, ಗಂಡಸರು, ಮಕ್ಕಳು, ಅರಸರು, ಸಾಮಾನ್ಯರು ಎಲ್ಲರೂ ಆಡುತ್ತಿದ್ದರೂ ‘ಕಾಪು’ ಎಂಬ ಕಟ್ಟಳೆಗಳ ವ್ಯವಸ್ಥೆಯಲ್ಲಿ ಯಾರಿಗೆ ಯಾವುದು ಸಲ್ಲುತ್ತದೆ ಎಂಬ ಮಿತಿಗಳಿದ್ದವು. ಸಾಧನ, ಕಾಲ, ಪಂದ್ಯ, ಪಣ, ಪ್ರೇಕ್ಷಕರು, ಮಟ್ಟಭೇದ ಇಷ್ಟೆಲ್ಲ ಇರುವಲ್ಲಿ ಅದನ್ನು ಕ್ರೀಡೆಯೆನ್ನದೆ ಬೇರೇನೆನ್ನಲು ಸಾಧ್ಯ?

ಇನ್ನು ನೀವು ಓದಿದ ಸಾವು-ಮರುಹುಟ್ಟಿನ ಕಥೆ. ಅದರಲ್ಲಿ ಸತ್ಯದ ಅಂಶವಿರುವುದರಿಂದಲೇ ಅದು ಇಷ್ಟು ಕಾಲ ಬಾಳಿದೆ. ಆದರೆ ಕಾಲಾನುಕ್ರಮವನ್ನು ನೋಡಿ: ಕಾಪು ವ್ಯವಸ್ಥೆಯನ್ನು ಮುರಿದದ್ದು ಮಿಷನರಿಗಳಲ್ಲ, ಮೊದಲನೆಯ ಕಮೇಹಮೇಹ ದೊರೆ ತೀರಿಕೊಂಡ 1819ರಲ್ಲಿ ಅವನ ಮಗ ಲಿಹೊಲಿಹೊ ಮತ್ತು ರಾಣಿ ಕಾಅಹುಮಾನು ತಾವೇ ಅದನ್ನು ಕೈಬಿಟ್ಟರು, ಅದರೊಡನೆ ಮಕಾಹಿಕಿಯ ಆಧಾರವೂ ಕಳಚಿತು. ನ್ಯೂ ಇಂಗ್ಲೆಂಡಿನ ಮಿಷನರಿಗಳು ಬಂದಿಳಿದದ್ದು 1820ರಲ್ಲಿ. ಅವರಿಗೆ ಬತ್ತಲೆ ಮೈ, ಜೂಜು, ಗಂಡು-ಹೆಣ್ಣು ಕೂಡಿ ನೀರಿಗಿಳಿಯುವುದು ಯಾವುದೂ ಸರಿಬರಲಿಲ್ಲ, ನಿಜ. ಆದರೆ ಕಡಲನ್ನು ಬರಿದು ಮಾಡಿದ್ದು ಅವರ ಪ್ರವಚನಗಳಿಗಿಂತ ಹೆಚ್ಚಾಗಿ ಹೊರಗಿನಿಂದ ಬಂದ ರೋಗಗಳು. ಕುಕ್ ಬಂದಾಗ ಲಕ್ಷಗಳಲ್ಲಿದ್ದ ಹವಾಯಿಯನ್ನರ ಸಂಖ್ಯೆ 1890ರ ಗಣತಿಯ ಹೊತ್ತಿಗೆ, ಮಿಶ್ರ ಸಂತತಿಯನ್ನೂ ಸೇರಿಸಿ, ಸುಮಾರು 40 ಸಾವಿರಕ್ಕೆ ಇಳಿದಿತ್ತು. ಆಡುವವರೇ ಇಲ್ಲವಾದಾಗ ಆಟ ಕ್ಷೀಣಿಸಿದ್ದಕ್ಕೆ ಪಾದ್ರಿಯ ಕಟ್ಟುನಿಟ್ಟೊಂದನ್ನೇ ಕಾರಣ ಮಾಡುವುದು, ನನ್ನ ದೃಷ್ಟಿಯಲ್ಲಿ, ದೊಡ್ಡ ದುರಂತವನ್ನು ಚಿಕ್ಕ ಕಥೆಯೊಳಗೆ ಮುಚ್ಚಿಡುವುದಾಗುತ್ತದೆ.

ಅಷ್ಟಾದರೂ ಆಟ ಸಾಯಲಿಲ್ಲ. 1866ರಲ್ಲಿ ಮಾರ್ಕ್ ಟ್ವೇನ್ ಹವಾಯಿಗೆ ಹೋದಾಗ ಅಲ್ಲಿಯವರು ಅಲೆಯ ಮೇಲೆ ಬರುತ್ತಿದ್ದರು. ತಾನೂ ಹಲಗೆ ಏರಲು ಹೋಗಿ ಮುಳುಗಿದ್ದನ್ನು ಅವನೇ ಹೇಳಿಕೊಂಡಿದ್ದಾನೆ. 1885ರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯದಲ್ಲಿ ಓದುತ್ತಿದ್ದ ಹವಾಯಿ ಅರಮನೆಯ ಮೂವರು ತರುಣರು, ಅಂದರೆ ಡೇವಿಡ್ ಕವಾನನಕೋವಾ, ಎಡ್ವರ್ಡ್ ಕೆಲಿಇಅಹೊನುಯಿ ಮತ್ತು ಜೋನಾ ಕೂಹಿಯೊ, ಸಾಂಟಾ ಕ್ರೂಜ್ ಊರಿನ ಸ್ಯಾನ್ ಲೊರೆಂಜೊ ನದಿಯ ಅಳಿವೆಯಲ್ಲಿ ರೆಡ್‌ವುಡ್ ಮರದಿಂದ ಮಾಡಿದ ಹಲಗೆಗಳ ಮೇಲೆ ಆಡಿದರು. ಅಮೆರಿಕದ ಮುಖ್ಯಭೂಮಿಯಲ್ಲಿ ಸರ್ಫಿಂಗ್ ನಡೆದುದರ ಮೊದಲ ದಾಖಲೆ ಇದೇ. ಅವರಲ್ಲಿ ಇಬ್ಬರು 1890ರಲ್ಲಿ ಇಂಗ್ಲೆಂಡಿನ ಬ್ರಿಡ್ಲಿಂಗ್‌ಟನ್‌ನಲ್ಲೂ ಅಲೆಯೇರಿದರು. ಸತ್ತ ಆಟವನ್ನು ಯಾರೂ ಹೀಗೆ ಎರಡು ಸಾಗರಗಳಾಚೆ ಹೊತ್ತುಕೊಂಡು ಹೋಗುವುದಿಲ್ಲ.

ಹಾಗಾದರೆ ಅಮೆರಿಕನ್ನರು ಬದುಕಿಸಿದರು ಎಂಬ ಮಾತು ಎಲ್ಲಿಂದ ಬಂತು? 1893ರಲ್ಲಿ ರಾಣಿ ಲಿಲಿಉಒಕಲಾನಿಯ ರಾಜ್ಯವನ್ನು ಉರುಳಿಸಲಾಯಿತು, 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಆ ಬಳಿಕ ಬಿಳಿಯ ಪ್ರವಾಸಿಗರನ್ನೂ ವಲಸಿಗರನ್ನೂ ಸೆಳೆಯಬೇಕಿತ್ತು. 1907ರಲ್ಲಿ ವೈಕೀಕಿಗೆ ಬಂದ ಲೇಖಕ ಜಾಕ್ ಲಂಡನ್‌ನಿಗೆ ಅಲೆಯ ಹುಚ್ಚು ಹಿಡಿಸಿದವನು ಅಲೆಕ್ಸಾಂಡರ್ ಹ್ಯೂಮ್ ಫೋರ್ಡ್ ಎಂಬ ಪ್ರಚಾರನಿಪುಣ. ಲಂಡನ್ ಬರೆದ ಲೇಖನ ಅಮೆರಿಕದ ಓದುಗರಿಗೆ ಸರ್ಫಿಂಗನ್ನು ಪರಿಚಯಿಸಿತು. 1908ರಲ್ಲಿ ಫೋರ್ಡ್ ಔಟ್‌ರಿಗ್ಗರ್ ಕನೂ ಕ್ಲಬ್ಬನ್ನು ಸ್ಥಾಪಿಸಿದ. ಅದರ ಸದಸ್ಯರು ಬಹುಪಾಲು ಬಿಳಿಯರು. 1911ರಲ್ಲಿ ಅದಕ್ಕೆ ಎದುರಾಗಿ ನಿಂತ ಹುಯಿ ನಾಲು, ಅಂದರೆ ಅಲೆಯ ಸಂಘ, ಹೆಚ್ಚಾಗಿ ಹವಾಯಿಯನ್ನರದ್ದು. ಫೋರ್ಡ್ ಮಾಡಿದ್ದು ಜಾಹೀರಾತು. ಅವನಿಗೆ ಹಲಗೆ ಏರಲು ಕಲಿಸಿದವರು ವೈಕೀಕಿಯ ಹುಡುಗರೇ. ಜಾಹೀರಾತು ಕೊಟ್ಟವನನ್ನು ಜನ್ಮದಾತನೆಂದು ಬರೆಯುವ ಅಭ್ಯಾಸ ಎಲ್ಲ ಕಡೆಯೂ ಇದೆ.

ಮುಖ್ಯಭೂಮಿಯಲ್ಲಿ ಇದನ್ನು ಜನಪ್ರಿಯಗೊಳಿಸಿದವನು ಜಾರ್ಜ್ ಫ್ರೀತ್, ತಾಯಿಯ ಕಡೆಯಿಂದ ಹವಾಯಿಯ ರಕ್ತವಿದ್ದವನು. 1907ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋದ ಅವನನ್ನು ರೈಲು ಮತ್ತು ಭೂವ್ಯವಹಾರದ ಧಣಿ ಹೆನ್ರಿ ಹಂಟಿಂಗ್‌ಟನ್ ತನ್ನ ರೆಡೊಂಡೊ ಬೀಚಿಗೆ ಜನರನ್ನು ಸೆಳೆಯಲು ನೇಮಿಸಿಕೊಂಡ. ಫ್ರೀತ್ ಆಟ ತೋರಿಸಿದ್ದಷ್ಟೇ ಅಲ್ಲ, ಕಡಲತೀರದ ಜೀವರಕ್ಷಕ ಪದ್ಧತಿಯನ್ನೂ ಬೆಳೆಸಿದ. 1908ರ ಡಿಸೆಂಬರಿನ ಬಿರುಗಾಳಿಯಲ್ಲಿ ಜಪಾನಿ ಮೀನುಗಾರರನ್ನು ಕಾಪಾಡಿದ್ದಕ್ಕೆ ಅಮೆರಿಕ ಸರ್ಕಾರದ ಜೀವರಕ್ಷಣೆಯ ಚಿನ್ನದ ಪದಕ ಪಡೆದ. 1919ರಲ್ಲಿ, ಜಗತ್ತನ್ನೇ ವ್ಯಾಪಿಸಿದ್ದ ಇನ್‌ಫ್ಲುಯೆಂಜಾದಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲೇ ತೀರಿಕೊಂಡ.

ಅವನಿಗಿಂತ ದೊಡ್ಡ ಹೆಸರು ಡ್ಯೂಕ್ ಕಹಾನಾಮೊಕು. 1890ರಲ್ಲಿ ಹೊನೊಲುಲುವಿನಲ್ಲಿ ಹುಟ್ಟಿದ ಡ್ಯೂಕ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಈಜಿನ ಚಿನ್ನ ಗೆದ್ದು, ಯುದ್ಧದಿಂದಾಗಿ ಒಂದು ಒಲಿಂಪಿಕ್ಸ್ ತಪ್ಪಿದರೂ 1920ರ ಆಂಟ್‌ವರ್ಪ್‌ನಲ್ಲಿ ಅದನ್ನು ಉಳಿಸಿಕೊಂಡರು. 1924ರಲ್ಲಿ ಜಾನಿ ವೈಸ್‌ಮುಲ್ಲರ್‌ಗೆ ಸೋತು ಬೆಳ್ಳಿ ಪಡೆದರು, ಕಂಚು ಅವರ ತಮ್ಮ ಸ್ಯಾಮ್‌ನದಾಯಿತು. ಈಜಿನ ಕೀರ್ತಿ ಅವರನ್ನು ಕರೆದೊಯ್ದ ಕಡೆಗೆಲ್ಲ ಸರ್ಫಿಂಗೂ ಹೋಯಿತು. 1914ರ ಕೊನೆಯಲ್ಲಿ ಈಜು ಪ್ರದರ್ಶನಕ್ಕೆಂದು ಆಸ್ಟ್ರೇಲಿಯಕ್ಕೆ ಹೋದಾಗ ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ, ಅಲ್ಲಿಯೇ ಸಿಕ್ಕಿದ ಶುಗರ್ ಪೈನ್ ಮರದಿಂದ ಹಲಗೆ ಕೆತ್ತಿ ಆಡಿ ತೋರಿಸಿದರು, ಇಸಬೆಲ್ ಲೆತಮ್ ಎಂಬ ಹುಡುಗಿಯನ್ನು ಜೊತೆಗೆ ಏರಿಸಿಕೊಂಡು ಅಲೆಯ ಮೇಲೆ ಬಂದರು. ಅವರಿಗೂ ಮುಂಚೆ ಸಿಡ್ನಿಯಲ್ಲಿ ಒಬ್ಬಿಬ್ಬರು ಹವಾಯಿಯ ಹಲಗೆ ತಂದು ಆಡಿದ್ದುಂಟು. ಆದರೆ ಆಸ್ಟ್ರೇಲಿಯಕ್ಕೆ ಆಟ ಅಂಟಿದ್ದು ಡ್ಯೂಕ್ ಬಂದು ಹೋದ ಮೇಲೆ. ಆ ಹಲಗೆಯನ್ನು ಫ್ರೆಶ್‌ವಾಟರ್‌ನ ಸಂಘ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದೆ.

ಆದರೂ ಮನುಷ್ಯರ ಕಥೆಯೊಂದೇ ಆಟದ ಬೆಳವಣಿಗೆಯನ್ನು ವಿವರಿಸುವುದಿಲ್ಲ. ನಲವತ್ತು-ಐವತ್ತು ಕಿಲೋ ತೂಗುವ ಇಡೀ ಮರದ ಹಲಗೆಯನ್ನು ಹೊತ್ತು ಕಡಲಿಗಿಳಿಯಬೇಕಾಗಿದ್ದಷ್ಟು ಕಾಲ ಈ ಆಟ ಕಟ್ಟುಮಸ್ತಾದ ಕೆಲವೇ ಜನರದ್ದಾಗಿತ್ತು. ಹಲಗೆ ಹಗುರಾದಂತೆ ಆಟ ಹರಡಿತು. ನನ್ನನ್ನು ಕೇಳಿದರೆ ಸರ್ಫಿಂಗ್‌ನ ಆಧುನಿಕ ಇತಿಹಾಸವೆಂದರೆ ಮುಖ್ಯವಾಗಿ ಹಲಗೆಯ ಇತಿಹಾಸ. ಇದರ ಮೊದಲ ತಿರುವು ಹವಾಯಿಯ ಹಳೆಯ ಹಲಗೆಗಳಿಂದಲೇ ಬಂತೆಂಬುದು ಸ್ವಾರಸ್ಯದ ಸಂಗತಿ. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಪಾಕಿ ಎಂಬ ಅರಸುಮನೆತನದವರ ನಾಲ್ಕು ಮೀಟರಿಗಿಂತ ಉದ್ದದ ಓಲೊ ಹಲಗೆಗಳಿದ್ದವು. 1920ರ ದಶಕದಲ್ಲಿ ವಿಸ್ಕಾನ್ಸಿನ್ ಮೂಲದ ಟಾಮ್ ಬ್ಲೇಕ್ ಅವುಗಳನ್ನು ದುರಸ್ತಿ ಮಾಡಿ, ಅದೇ ಮಾದರಿಯಲ್ಲಿ ಒಂದನ್ನು ಮಾಡಲು ಹೊರಟ. ಮರ ಭಾರವೆನಿಸಿದಾಗ ಅದರಲ್ಲಿ ಸಾಲಾಗಿ ತೂತು ಕೊರೆದು, ಮೇಲೆ ತೆಳು ಹಲಗೆ ಹೊದಿಸಿದ. ಅಲ್ಲಿಂದ ಪೊಳ್ಳು ಹಲಗೆ ಹುಟ್ಟಿ, 1932ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1935ರಲ್ಲಿ ಬ್ಲೇಕ್ ಹಲಗೆಯ ಹಿಂತುದಿಗೆ, ಅಡಿಯಲ್ಲಿ, ಒಂದು ರೆಕ್ಕೆ ಕೂರಿಸಿದ. ಅಲ್ಲಿಯವರೆಗೆ ಕಾಲನ್ನು ನೀರಿಗೆ ಇಳಿಬಿಟ್ಟು ತಿರುಗಿಸಬೇಕಿತ್ತು, ಬಾಲ ಪಕ್ಕಕ್ಕೆ ಜಾರಿ ಸವಾರ ಬೀಳುತ್ತಿದ್ದ. ರೆಕ್ಕೆ ಬಂದ ಮೇಲೆ ಅಲೆಯ ಇಳಿಜಾರಿಗೆ ಅಡ್ಡವಾಗಿ, ಒಡೆಯುವ ನೊರೆಗಿಂತ ಮುಂದೆ ಓಡಲು ಸಾಧ್ಯವಾಯಿತು. ಅಷ್ಟು ಚಿಕ್ಕದೊಂದು ತುಂಡು ಇಷ್ಟು ದೊಡ್ಡ ಬದಲಾವಣೆ ತಂದದ್ದನ್ನು ಕ್ರೀಡೆಗಳ ಇತಿಹಾಸದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯ ಮಹಾಯುದ್ಧದ ಕಾರ್ಖಾನೆಗಳಿಂದ ಫೈಬರ್‌ಗ್ಲಾಸ್ ಮತ್ತು ರಾಳ ಹೊರಬಂದವು; ಬಾಲ್ಸಾ ಮರಕ್ಕೆ ಅದನ್ನು ಹೊದಿಸಿದ ಹಲಗೆಗಳು ಕ್ಯಾಲಿಫೋರ್ನಿಯದ ಮಾಲಿಬು ತೀರದಲ್ಲಿ ಹೊಸ ಶೈಲಿಯನ್ನೇ ಹುಟ್ಟಿಸಿದವು. 1950ರ ದಶಕದ ಕೊನೆಗೆ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರಿಥೇನ್ ನೊರೆಯ ಹಲಗೆಗಳನ್ನು ಅಚ್ಚಿನಲ್ಲಿ ತಯಾರಿಸತೊಡಗಿದ ಮೇಲೆ ಮರದ ಹಂಗೇ ತಪ್ಪಿತು. ತಣ್ಣೀರಿನ ಅಡ್ಡಿಯನ್ನು ನಿವಾರಿಸಿದ್ದು ನಿಯೊಪ್ರಿನ್ ಉಡುಪು. ಅದರ ಮೂಲ ಕಲ್ಪನೆ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್‌ದು, ಸರ್ಫರ್‌ಗಳ ಮೈಗೆ ಅದನ್ನು ತೊಡಿಸಿದ್ದು 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ತೆರೆದ ಜಾಕ್ ಓನೀಲ್. 1959ರಲ್ಲಿ ಬಂದ ಹಾಲಿವುಡ್ ಚಿತ್ರವೊಂದು ಮಾಲಿಬುವಿನ ಹುಡುಗಿಯೊಬ್ಬಳ ಕಥೆಯನ್ನು ಊರೂರಿಗೆ ಮುಟ್ಟಿಸಿ ಕಡಲತೀರಗಳಲ್ಲಿ ಜಾತ್ರೆ ನೆರೆಸಿತು. ಆದರೆ ಹತ್ತು ಕಿಲೋದ ಹಲಗೆ ಅಷ್ಟರಲ್ಲಿ ಸಿದ್ಧವಿಲ್ಲದಿದ್ದರೆ ಆ ಜಾತ್ರೆ ದಡದಲ್ಲೇ ಉಳಿಯುತ್ತಿತ್ತು. 1960ರ ದಶಕದ ಕೊನೆಗೆ ಆಸ್ಟ್ರೇಲಿಯ ಮತ್ತು ಕ್ಯಾಲಿಫೋರ್ನಿಯದ ತರುಣರು ಹಲಗೆಯನ್ನು ಹತ್ತಡಿಯಿಂದ ಏಳಡಿಯ ಆಸುಪಾಸಿಗೆ ಮೊಟಕುಗೊಳಿಸಿದರು. 1970ರ ದಶಕದ ಆರಂಭದಲ್ಲಿ ಹಲಗೆಯನ್ನು ಕಾಲಿಗೆ ಕಟ್ಟಿಕೊಳ್ಳುವ ಹಗ್ಗ ಬಂತು. ಅದನ್ನು ಬಳಕೆಗೆ ತಂದವನು ಜಾಕ್ ಓನೀಲ್‌ನ ಮಗ ಪ್ಯಾಟ್. ರಬ್ಬರಿನಂತೆ ಹಿಗ್ಗಿದ ಆ ಹಗ್ಗ ಹಲಗೆಯನ್ನು ಹಿಂದಕ್ಕೆ ಚಿಮ್ಮಿಸಿದ್ದರಿಂದಲೇ ಅಪ್ಪ ಒಂದು ಕಣ್ಣು ಕಳೆದುಕೊಂಡ. 1981ರಲ್ಲಿ ಆಸ್ಟ್ರೇಲಿಯದ ಸೈಮನ್ ಆಂಡರ್ಸನ್ ಮೂರು ರೆಕ್ಕೆಗಳ ಹಲಗೆಯೊಂದಿಗೆ ದೊಡ್ಡ ಸ್ಪರ್ಧೆಗಳನ್ನು ಗೆದ್ದರು. ಇಂದಿನ ಸ್ಪರ್ಧೆಗಳ ಬಹುಪಾಲು ಹಲಗೆಗಳು ಈ ವಿನ್ಯಾಸದವೇ.

ಸ್ಪರ್ಧೆಯ ಕಡೆಗೆ ಬಂದರೆ, 1928ರಲ್ಲಿ ಕ್ಯಾಲಿಫೋರ್ನಿಯದ ಕರೋನಾ ಡೆಲ್ ಮಾರ್‌ನಲ್ಲಿ ನಡೆದ ಪೆಸಿಫಿಕ್ ತೀರದ ಚಾಂಪಿಯನ್‌ಷಿಪ್ (ಗೆದ್ದವನು ಇದೇ ಬ್ಲೇಕ್), 1950ರ ದಶಕದ ಹವಾಯಿಯ ಮಕಾಹಾ ಸ್ಪರ್ಧೆಗಳು, 1964ರಲ್ಲಿ ಸಿಡ್ನಿಯ ಮ್ಯಾನ್ಲಿಯಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್, 1976ರಲ್ಲಿ ಆರಂಭವಾದ ವೃತ್ತಿಪರ ವಿಶ್ವ ಸರಣಿ ಇವು ಮೈಲಿಗಲ್ಲುಗಳು. ಆ ಸರಣಿಯೇ ಹೆಸರು ಬದಲಿಸುತ್ತ ಬಂದು 2015ರಲ್ಲಿ ವರ್ಲ್ಡ್ ಸರ್ಫ್ ಲೀಗ್ ಆಯಿತು. ಅದರಲ್ಲಿ ಫ್ಲಾರಿಡಾದ ಕೆಲ್ಲಿ ಸ್ಲೇಟರ್ 1992ರಿಂದ 2011ರೊಳಗೆ 11 ವಿಶ್ವ ಕಿರೀಟಗಳನ್ನು ಗೆದ್ದರೆ, ಆಸ್ಟ್ರೇಲಿಯದ ಸ್ಟೆಫನಿ ಗಿಲ್ಮೋರ್ 8 ಗೆದ್ದಿದ್ದಾರೆ. 2019ರಿಂದ ಲೀಗ್ ಮಹಿಳೆಯರಿಗೂ ಪುರುಷರಿಗೂ ಸಮಾನ ಬಹುಮಾನ ಕೊಡುತ್ತಿದೆ.

ಇಲ್ಲಿ ತೀರ್ಪಿನ ತೊಡಕನ್ನು ಗಮನಿಸಬೇಕು. ಓಟಕ್ಕೆ ಗಡಿಯಾರವಿದೆ, ಜಿಗಿತಕ್ಕೆ ಅಳತೆಯಿದೆ. ಸರ್ಫಿಂಗ್‌ನಲ್ಲಿ ಇಬ್ಬರು ಸ್ಪರ್ಧಿಗಳಿಗೆ ಒಂದೇ ಅಲೆ ಎಂದೂ ಸಿಗುವುದಿಲ್ಲ. ಆದ್ದರಿಂದ ತೀರ್ಪುಗಾರರು ಪ್ರತಿ ಅಲೆಗೆ ಹತ್ತರೊಳಗೆ ಅಂಕ ಕೊಟ್ಟು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಗಳನ್ನು ಬಿಟ್ಟು ಸರಾಸರಿ ತೆಗೆಯುತ್ತಾರೆ, ನಿಗದಿತ ಅವಧಿಯಲ್ಲಿ ಸ್ಪರ್ಧಿಯ ಅತ್ಯುತ್ತಮ ಎರಡು ಅಲೆಗಳನ್ನು ಕೂಡಿಸಿ ಇಪ್ಪತ್ತರೊಳಗೆ ಒಟ್ಟು ಅಂಕ ಬರೆಯುತ್ತಾರೆ. ಅಲೆಯ ಆಯ್ಕೆಯೇ ಅರ್ಧ ಪಂದ್ಯವಾಗುವುದು ಹೀಗೆ. ದೂರದ ಬಿರುಗಾಳಿಯೆಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ಸಾಗಿ ಬಂದು, ನೀರಿನ ಆಳವು ತನ್ನ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಲ್ಲಿ ಒಡೆಯುತ್ತದೆ; ಅದು ಎಲ್ಲಿ, ಯಾವ ಕಡೆಗೆ ಒಡೆಯುವುದೆಂಬುದನ್ನು ಮುಂಚೆಯೇ ಕಾಣಬಲ್ಲವನು ಗೆಲ್ಲುತ್ತಾನೆ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸರ್ಫಿಂಗನ್ನು ಸೇರಿಸಲು ಒಪ್ಪಿದ್ದು 2016ರ ಆಗಸ್ಟಿನಲ್ಲಿ. 2021ರ ಜುಲೈನಲ್ಲಿ ಜಪಾನಿನ ತ್ಸುರಿಗಸಾಕಿ ತೀರದಲ್ಲಿ ಬ್ರೆಜಿಲ್‌ನ ಇಟಾಲೊ ಫೆರೇರಾ ಮತ್ತು ಹೊನೊಲುಲುವಿನ ಕರಿಸ್ಸಾ ಮೋರ್ ಮೊದಲ ಚಿನ್ನ ಗೆದ್ದರು. ಮೋರ್ ಮೂಲನಿವಾಸಿ ಹವಾಯಿಯನ್ ವಂಶದವರು. ವೃತ್ತಿಪರ ಲೀಗಿನಲ್ಲಿ ಹವಾಯಿಗೆ ಅದರದ್ದೇ ಧ್ವಜವಿದೆ, ಒಲಿಂಪಿಕ್ಸ್‌ನಲ್ಲಿ ಅವರು ಅಮೆರಿಕದ ಧ್ವಜದಡಿ ಆಡಬೇಕಾಯಿತು. ಹವಾಯಿಯಲ್ಲಿ ಇದರ ಬಗ್ಗೆ ನೋವಿನ ಮಾತುಗಳು ಕೇಳಿಬಂದದ್ದು ಸಹಜವೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ಪ್ಯಾರಿಸ್‌ನಿಂದ 15,000 ಕಿಲೋಮೀಟರಿಗೂ ದೂರದ ತಹೀತಿಯ ತೆಅಹುಪೋಓದಲ್ಲಿ ನಡೆಯಿತು. ಪುರುಷರ ಚಿನ್ನ ಫ್ರಾನ್ಸ್‌ನ ಪರವಾಗಿ ಆಡಿದ ತಹೀತಿಯವನೇ ಆದ ಕೌಲಿ ವಾಸ್ಟ್‌ಗೆ ಹೋಯಿತು. ಕುಕ್‌ನ ಯಾನದ ವೈದ್ಯ ವಿಲಿಯಂ ಆಂಡರ್ಸನ್ ದೋಣಿಯವನನ್ನು ನೋಡುತ್ತ ನಿಂತ ದ್ವೀಪ ಅದೇ.

ನಮ್ಮ ಕರಾವಳಿಗೆ ಈ ಆಟ ಸಂಘಟಿತವಾಗಿ ಬಂದದ್ದು ಅಮೆರಿಕ ಮೂಲದ ಸನ್ಯಾಸಿ ಜಾಕ್ ಹೆಬ್ನರ್ ಅವರ ಮೂಲಕ. ಮೂಲ್ಕಿಯ ಅವರ ಆಶ್ರಮದೊಂದಿಗೆ 2004ರಲ್ಲಿ ಆರಂಭವಾದ ಮಂತ್ರ ಸರ್ಫ್ ಕ್ಲಬ್ ದೇಶದ ಮೊದಲ ಸರ್ಫಿಂಗ್ ಶಾಲೆಗಳಲ್ಲಿ ಒಂದು. 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆದದ್ದು ನೀವು ಹೋಗಿ ಬಂದ ಸಸಿಹಿತ್ಲುವಿನಲ್ಲೇ. 2025ರ ಆಗಸ್ಟಿನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬೂದಿಹಾಳ್ ಪುರುಷರ ಮುಕ್ತ ವಿಭಾಗದ ಕಂಚು ಗೆದ್ದರು. ಇಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಸ್ಪರ್ಧೆ ಇಡುವುದಕ್ಕೂ ಕಾರಣವಿದೆ: ಮುಂಗಾರಿನ ಮುನ್ನ ಅರಬ್ಬಿ ಸಮುದ್ರದಲ್ಲಿ ಅಲೆಗಳು ಮೈದುಂಬಿಕೊಳ್ಳುತ್ತವೆ, ಮಳೆಗಾಳಿ ಜೋರಾಗಿ ದಡದತ್ತ ಬೀಸತೊಡಗಿದರೆ ಅವು ಕಲಕಿ ಆಕಾರಗೆಡುತ್ತವೆ.

ಇನ್ನು ಮೀನುಗಾರರ ಮಾತು. ಅಳಿವೆಯ ಬಾಯಿಯಲ್ಲಿ ದೋಣಿ ನಿಲ್ಲಿಸಿಕೊಂಡು, ಬಂದ ತೆರೆಗಳನ್ನು ಎಣಿಸಿ ಬಿಟ್ಟು, ಸರಿಯಾದ ಒಂದರ ಬೆನ್ನಿಗೆ ದೋಣಿಯನ್ನು ಕೊಡುವವನಿಗೂ ತೆಅಹುಪೋಓದ ಸ್ಪರ್ಧಿಗೂ ಬೇಕಾದ ಕಡಲಿನ ಓದು ಒಂದೇ. ನಾನು ಆರಂಭದಲ್ಲಿ ಎಳೆದ ಗೆರೆಯ ಪ್ರಕಾರ ಹುವಾಂಚಾಕೊದವನಂತೆ ಇವನೂ ಅಲೆ ಬಲ್ಲವನು, ಸರ್ಫರ್ ಅಲ್ಲ. ಅವನಿಗೆ ಮೀನು ದಡ ಸೇರಬೇಕು, ಅಲೆ ಅದಕ್ಕೊಂದು ದಾರಿ. ಆದರೆ ಆ ಗೆರೆ ಒಂದು ತಲೆಮಾರಿನಲ್ಲಿ ಅಳಿಸಿಹೋಗಬಲ್ಲದು. ತಮಿಳುನಾಡಿನ ಕೋವಲಂನಲ್ಲಿ ಹಲಗೆಯೇರಿ ರಾಷ್ಟ್ರಮಟ್ಟಕ್ಕೆ ಬಂದವರಲ್ಲಿ ಮೀನುಗಾರರ ಮನೆಯ ಮಕ್ಕಳು ಹಲವರಿದ್ದಾರೆ, ಮತ್ತು ಅವರಿಗೆ ಹಲಗೆಯ ಮೇಲೆ ನಿಲ್ಲಲು ಯಾರಾದರೂ ಕಲಿಸಬೇಕಾಯಿತೇ ಹೊರತು ಅಲೆಯನ್ನು ಗುರುತಿಸಲು ಕಲಿಸಬೇಕಾಗಲಿಲ್ಲ.